ಎರೆಬಯಲಿನ ಎರಡು ಅಳತೆಗಳು

75ನೆಯ ಪೂರ್ವ ರೇಖಾಂಶವು ಧಾರವಾಡ ನಗರವನ್ನು ಹೆಚ್ಚುಕಡಿಮೆ ಮುಟ್ಟಿಕೊಂಡೇ ಉತ್ತರದಿಂದ ದಕ್ಷಿಣಕ್ಕೆ ಹಾಯ್ದುಹೋಗುತ್ತದೆ. ಗಣಿತದ ಅನುಕೂಲಕ್ಕಾಗಿ ಮನುಷ್ಯನು ಕಲ್ಪಿಸಿಕೊಂಡ ಈ ರೇಖೆಯು, ಪ್ರಕೃತಿಯು ತಾನೇ ಎಳೆದಿಟ್ಟ ಮತ್ತೊಂದು ರೇಖೆಯ ಸನಿಹದಲ್ಲಿಯೇ ಬಿದ್ದಿರುವುದು ಒಂದು ಯೋಗಾಯೋಗವೆನ್ನಬೇಕು. ಇದಕ್ಕೆ ತುಸುವೇ ಪಶ್ಚಿಮದಲ್ಲಿ ಕಲಘಟಗಿ ಇದೆ. ಅಲ್ಲಿ ಕೆಂಪು ನೆಲ, ಕೆರೆಗಳು, ಭತ್ತದ ಗದ್ದೆಗಳು, ಸಹ್ಯಾದ್ರಿಯ ಅರಣ್ಯದ ಕಟ್ಟಕಡೆಯ ಅಂಚು. ಪೂರ್ವದಲ್ಲಿ ಹುಬ್ಬಳ್ಳಿಯನ್ನು ದಾಟಿದೊಡನೆ ಕುಂದಗೋಳ, ಅಣ್ಣಿಗೇರಿ, ನವಲಗುಂದಗಳ ಎರೆಭೂಮಿಯು ಕಣ್ಣು ಹಾಯುವಷ್ಟು ದೂರ ಹಾಸಿಕೊಂಡಿದೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯು ಪಶ್ಚಿಮಾಭಿಮುಖವಾಗಿ ಹರಿದು, ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅಲ್ಲಿಂದ ಕೆಲವೇ ಹರಿದಾರಿಗಳ ಅಂತರದಲ್ಲಿರುವ ಬೆಣ್ಣಿಹಳ್ಳವು ಉತ್ತರಕ್ಕೆ ತಿರುಗಿ ನವಲಗುಂದದ ಬಯಲನ್ನು ಹಾಯ್ದು, ಮಲಪ್ರಭೆಯನ್ನು ಸೇರಿ, ಆಕೆಯೊಡನೆ ಕೃಷ್ಣೆಗೆ ಕೂಡಿ, ಕೊನೆಗೆ ಬಂಗಾಳದ ಉಪಸಾಗರವನ್ನು ಕಾಣುತ್ತದೆ. ಒಂದೇ ಮೋಡ ಸುರಿಸಿದ ನೀರು ಎರಡು ಸಮುದ್ರಗಳಿಗೆ ಹಂಚಿಹೋಗುವ ಈ ಜಲವಿಭಾಜಕದ ಮೇಲೆ ನಿಂತವನಿಗೆ ಇದೇನೂ ಪರ್ವತಶಿಖರದಂತೆ ತೋರುವುದಿಲ್ಲ. ಅನೇಕ ಕಡೆಗಳಲ್ಲಿ ಅದು ಬರಿಗಣ್ಣಿಗೆ ತಿಳಿಯದಷ್ಟು ಸೌಮ್ಯವಾದ ಒಂದು ಏರು ಮಾತ್ರ.

ಇಂತಹ ನೆಲವನ್ನು ಅಳೆದು ನಕಾಶೆಗೆ ಇಳಿಸಿದವರ ಚರಿತ್ರೆಯು ನಮ್ಮಲ್ಲಿ ಯಥೋಚಿತವಾಗಿ ಬರೆಯಲ್ಪಟ್ಟಿಲ್ಲ. ಹಿಮಾಲಯವನ್ನು ಅಳೆದವರ ಸಾಹಸವನ್ನು ಶಾಲೆಯ ಮಕ್ಕಳೂ ಬಲ್ಲರು. ಬಯಲನ್ನು ಅಳೆಯುವುದರಲ್ಲಿ ಸಾಹಸವೇನಿದೆಯೆಂದು ಕೇಳುವವರೇ ಹೆಚ್ಚು. ವಾಸ್ತವವಾಗಿ ನೋಡಿದರೆ ಭೂಮಾಪಕನಿಗೆ ಬೆಟ್ಟವು ಮಿತ್ರ, ಬಯಲು ಪರೀಕ್ಷಕ. ಬೆಟ್ಟದ ತುದಿಯಿಂದ ಮೂವತ್ತು ಮೈಲಿಗಳಾಚೆಯ ಇನ್ನೊಂದು ತುದಿ ಕಾಣುತ್ತದೆ. ಬಯಲಿನಲ್ಲಿಯಾದರೋ ಹತ್ತು ಮೈಲಿಗಳ ದೂರಕ್ಕೆ ಭೂಗೋಲದ ವಕ್ರತೆಯೊಂದೇ ಸುಮಾರು 66 ಅಡಿಗಳಷ್ಟನ್ನು ಮರೆಮಾಡಿಬಿಡುತ್ತದೆ. ಎರೆಬಯಲಿನ ಮಾಪನಕ್ಕೆ ಇನ್ನೊಂದು ತೊಡಕೂ ಉಂಟು: ಆ ನೆಲವನ್ನು ಎರಡು ಬೇರೆಬೇರೆ ಉದ್ದೇಶಗಳಿಂದ, ಒಬ್ಬರ ಕೆಲಸ ಇನ್ನೊಬ್ಬರಿಗೆ ಸೇರದ ಹಾಗೆ, ಎರಡು ಸಲ ಅಳೆಯಲಾಯಿತು. ಆ ಎರಡು ಅಳತೆಗಳ ನಡುವೆ ಬಿಟ್ಟುಹೋದ ತೆರಪಿನಲ್ಲಿ ಈ ಸೀಮೆಯ ಒಕ್ಕಲಿಗನು ಪಟ್ಟ ಪಾಡೇ ಈ ಪ್ರಬಂಧದ ವಿಷಯ.

ಮೊದಲಿಗೆ ಹಳೆಯ ಕಾಲದ ಅಳತೆಯನ್ನು ನೆನೆಯುವುದು ನ್ಯಾಯ. ಅಣ್ಣಿಗೇರಿಯು ಬೆಳ್ವೊಲ ಮುನ್ನೂರರ ಪ್ರಮುಖ ಪಟ್ಟಣ; ಬಾದಾಮಿ ಚಾಲುಕ್ಯರ ಕೊನೆಯ ಅರಸನಾದ ಎರಡನೆಯ ಕೀರ್ತಿವರ್ಮನ ಕಾಲದ ಸ್ತಂಭಶಾಸನವುಳ್ಳದ್ದು; ಆದಿಕವಿ ಪಂಪನ ತಾಯಿಯ ಮನೆತನದ ಊರು; ಕಲ್ಯಾಣ ಚಾಲುಕ್ಯರ ಅವಸಾನಕಾಲದಲ್ಲಿ ನಾಲ್ವಡಿ ಸೋಮೇಶ್ವರನು ಕೆಲಕಾಲ ನೆಲೆನಿಂತ ಸ್ಥಳ. ಈ ನಾಡಿನ ದಾನಶಾಸನಗಳನ್ನು ಓದುವವರಿಗೆ ಮತ್ತರು, ಕಮ್ಮ ಎಂಬ ಕ್ಷೇತ್ರಮಾನಗಳೂ, ಅವುಗಳನ್ನು ಅಳೆಯಲು ಬಳಸಿದ ಗಳೆಗಳೂ ಪದೇ ಪದೇ ಎದುರಾಗುತ್ತವೆ. ಬಳ್ಳಿಗಾವಿಯ ಶಾಸನಗಳಲ್ಲಿ ಭೇರುಂಡನ ಗಳೆಯ ಉಲ್ಲೇಖವಿದೆ. ಊರಿಗೊಂದು, ದೇವಸ್ಥಾನಕ್ಕೊಂದು ಗಳೆ ಇರುತ್ತಿದ್ದಿತಾದುದರಿಂದ, ಯಾವ ಗಳೆಯಿಂದ ಅಳೆದ ಮತ್ತರೆಂಬುದನ್ನು ಶಾಸನಕಾರನು ಸ್ಪಷ್ಟಪಡಿಸಬೇಕಾಗುತ್ತಿತ್ತು. ದತ್ತಿಯ ಸೀಮೆಯನ್ನು ಹೇಳುವಾಗ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ದಿಕ್ಕುಗಳನ್ನು ಸುತ್ತಿ, ನಟ್ಟ ಕಲ್ಲು, ಹಳ್ಳ, ಹೆದ್ದಾರಿ, ಮರ, ಹುತ್ತಗಳನ್ನು ಗುರುತಿಸುವ ಆ ವಾಕ್ಯಗಳನ್ನು ನಾನು ಅಕ್ಷರಗಳಲ್ಲಿ ಬರೆದ ನಕಾಶೆಗಳೆಂದೇ ಭಾವಿಸುತ್ತೇನೆ. ಕಾಗದದ ಮೇಲೆ ಗೆರೆ ಎಳೆಯದೆಯೇ, ಆ ವಾಕ್ಯವನ್ನು ಕೈಯಲ್ಲಿ ಹಿಡಿದು ಎಲ್ಲೆಯನ್ನು ಒಂದು ಸುತ್ತು ನಡೆದು ಬರಬಹುದಾಗಿತ್ತು. ಮುಂದಿನ ಶತಮಾನಗಳಲ್ಲಿ ಈ ಸೀಮೆಯ ಜನರು ಹೊಲವನ್ನು ಕೂರಿಗೆಯಿಂದ ಎಣಿಸತೊಡಗಿದರು. ಒಂದು ಕೂರಿಗೆಯೆಂದರೆ ಎತ್ತುಗಳು ಹೂಡಿದ ಕೂರಿಗೆಯು ಒಂದು ದಿನದಲ್ಲಿ ಬಿತ್ತಬಲ್ಲಷ್ಟು ನೆಲ. ಅದು ಊರಿನಿಂದ ಊರಿಗೆ, ಎರೆಯಿಂದ ಮಸಾರಿಗೆ ಬೇರೆಯಾಗುತ್ತಿತ್ತು. ಆದರೆ ದುಡಿಮೆಯೊಡನೆ ಅದಕ್ಕಿದ್ದ ಸಂಬಂಧವು ಮುಂದೆ ಬಂದ ಯಾವ ಮಾನಕ್ಕೂ ದಕ್ಕಲಿಲ್ಲ.

ಈ ಬಯಲನ್ನು ಹೊರಗಿನವರ ನಕಾಶೆಯ ಮೇಲೆ ಮೊದಲು ತಂದವು ದಂಡುಗಳು. 1790–91ರಲ್ಲಿ ಪರಶುರಾಮ ಭಾವು ಪಟವರ್ಧನನ ಮರಾಠಾ ಸೈನ್ಯವು ಟಿಪ್ಪುವಿನ ವಶದಲ್ಲಿದ್ದ ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದಾಗ, ಅದರ ಜೊತೆಗಿದ್ದ ಕ್ಯಾಪ್ಟನ್ ಲಿಟ್ಲನ ತುಕಡಿಯ ವೃತ್ತಾಂತವನ್ನು ಎಡ್ವರ್ಡ್ ಮೂರ್ ಎಂಬ ಅಧಿಕಾರಿಯು 1794ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. 1800ರ ಜುಲೈಯಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿಯು ಕುಂದಗೋಳವನ್ನು ಲಗ್ಗೆ ಹತ್ತಿ ಹಿಡಿದನು. 1817ರ ಕೊನೆಯಲ್ಲಿ ಥಾಮಸ್ ಮನ್ರೋ ಧಾರವಾಡವನ್ನು ನೆಲೆಯಾಗಿ ಮಾಡಿಕೊಂಡು, ನವಲಗುಂದ ಮೊದಲಾದ ಪರಗಣೆಗಳನ್ನು ಒಂದೊಂದಾಗಿ ಪೇಶ್ವೆಯ ಕೈಯಿಂದ ಬಿಡಿಸಿಕೊಂಡನು. ಈ ದಂಡುಗಳಿಗೆ ಬೇಕಾಗಿದ್ದುದು ದಾರಿಗಳ ಅರಿವು ಮಾತ್ರ: ಈ ಊರಿನಿಂದ ಆ ಊರಿಗೆ ಎಷ್ಟು ಮೈಲಿ, ನೀರು ಎಲ್ಲಿ ಸಿಕ್ಕುತ್ತದೆ, ತೋಪಿನ ಗಾಡಿಯು ಎರೆಯ ಕೆಸರಿನಲ್ಲಿ ಹೂತುಹೋಗುತ್ತದೆಯೋ ಇಲ್ಲವೋ. ಗಾಲಿಯನ್ನು ಉರುಳಿಸಿ, ಸುತ್ತುಗಳನ್ನು ಎಣಿಸಿ ಬರೆದುಕೊಂಡ ಆ ಮಾರ್ಗಪಟಗಳಲ್ಲಿ ಹಾದಿಯ ಇಕ್ಕೆಲಗಳ ಊರುಗಳಿದ್ದವು; ಹಾದಿಯಿಂದ ಎರಡು ಮೈಲಿ ಒಳಗಿದ್ದ ಊರಿಗೆ ಅಸ್ತಿತ್ವವೇ ಇರಲಿಲ್ಲ.

ಮಾರ್ಗಪಟದ ದೋಷವನ್ನು ನೀಗಬಲ್ಲ ವಿದ್ಯೆಯು ಆ ವೇಳೆಗಾಗಲೇ ದಕ್ಷಿಣದಲ್ಲಿ ಬೇರೂರಿತ್ತು. ಶ್ರೀರಂಗಪಟ್ಟಣದ ಪತನಾನಂತರ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮಾಪನಕ್ಕೆ ತೊಡಗಿದನು. ವಿಲಿಯಂ ಲ್ಯಾಂಬ್ಟನನು 1802ರ ಏಪ್ರಿಲ್ 10ರಂದು ಮದ್ರಾಸಿನ ಬಳಿ ಆಧಾರರೇಖೆಯ ಅಳತೆಯನ್ನು ಆರಂಭಿಸಿ, ಅಲ್ಲಿಂದ ತ್ರಿಕೋನಗಳ ಸರಣಿಯನ್ನು ಪರ್ಯಾಯದ್ವೀಪದ ಉದ್ದಗಲಕ್ಕೆ ಹಬ್ಬಿಸಿದನು. ಒಂದು ರೇಖೆಯನ್ನು ಅತ್ಯಂತ ನಿಷ್ಕೃಷ್ಟವಾಗಿ ಅಳೆದುಕೊಂಡು, ಅದರ ಎರಡು ತುದಿಗಳಿಂದ ದೂರದ ಒಂದು ಶಿಖರಕ್ಕಿರುವ ಕೋನಗಳನ್ನು ಥಿಯೊಡೊಲೈಟಿನಿಂದ ನೋಡಿದರೆ, ಉಳಿದೆರಡು ಭುಜಗಳು ಗಣಿತದಿಂದ ತಾವಾಗಿ ದೊರೆಯುತ್ತವೆ. ಆ ಭುಜಗಳೇ ಮುಂದಿನ ತ್ರಿಕೋನಗಳಿಗೆ ಆಧಾರ. ಅರ್ಧ ಟನ್ನಿನಷ್ಟು ಭಾರವಾದ ಆತನ ಮಹಾ ಥಿಯೊಡೊಲೈಟು ಸಮುದ್ರಮಾರ್ಗದಲ್ಲಿ ಫ್ರೆಂಚರ ಕೈಸೇರಿ, ಬಳಿಕ ಹಿಂದಿರುಗಿ ಬಂದು, 1808ರಲ್ಲಿ ತಂಜಾವೂರಿನ ಗುಡಿಯ ಗೋಪುರಕ್ಕೆ ಏರಿಸುವಾಗ ಗೋಡೆಗೆ ಅಪ್ಪಳಿಸಿ ವಕ್ರವಾದದ್ದೂ, ಅವನು ಅದನ್ನು ಕೈಯಾರೆ ಸರಿಪಡಿಸಿಕೊಂಡದ್ದೂ ಪ್ರಸಿದ್ಧವಾದ ಕಥೆ. 1823ರಲ್ಲಿ ಹಿಂಗಣಘಾಟದಲ್ಲಿ ಅವನು ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟನು ಆ ಕಾರ್ಯವನ್ನು ಮುಂದುವರಿಸಿದನು.

ತ್ರಿಕೋನಗಳಿಗೆ ಎತ್ತರದ ನೆಲೆಗಳು ಬೇಕು. ನವಲಗುಂದದ ಬಯಲಿನಲ್ಲಿ ಅಂತಹ ನೆಲೆಗಳು ವಿರಳ: ಊರನ್ನು ಅಪ್ಪಿಕೊಂಡಿರುವ ನವಲಗುಂದದ ಗುಡ್ಡ, ಉತ್ತರದಲ್ಲಿ ನರಗುಂದದ ಕೋಟೆಯ ಬೆಟ್ಟ, ಆಗ್ನೇಯದ ದಿಗಂತದಲ್ಲಿ ಕಪ್ಪತಗುಡ್ಡದ ಸಾಲು. ಇವುಗಳ ನಡುವೆ ಹರಡಿದ ನೆಲವನ್ನು ಸಮತಲ ಫಲಕದ ಮೇಲೆ ಕಾಗದ ಹಾಸಿಕೊಂಡು, ಕಂಡ ಕಂಡ ಗುರುತುಗಳ ಕಡೆಗೆ ಕಿರಣಗಳನ್ನು ಎಳೆದು, ಅವು ಕೂಡಿದಲ್ಲಿ ಊರನ್ನು ಇರಿಸುತ್ತಾ ಹೋಗಬೇಕು. ಕೆಲಸಕ್ಕೆ ಋತುವೂ ಮಿತವಾದದ್ದು. ಮುಂಗಾರು ಹಿಂಗಾರುಗಳಲ್ಲಿ ಎರೆಮಣ್ಣು ಕಾಲಿಗೆ ಹೆಂಟೆಗಟ್ಟಿ ಹತ್ತಿಕೊಳ್ಳುತ್ತದೆ, ಬಂಡಿಯ ಗಾಲಿಗಳು ತಿರುಗವು. ಬೇಸಗೆಯಲ್ಲಿ ಬಿಸಿಲ್ಗುದುರೆಯೆದ್ದು ದೂರದ ಧ್ವಜವು ನಾಲ್ಕು ಧ್ವಜಗಳಾಗಿ ಕುಣಿಯುತ್ತದೆ. ಉಳಿಯುವುದು ಜೋಳವು ತೆನೆಗಟ್ಟುವ ಚಳಿಯ ಕೆಲವು ತಿಂಗಳುಗಳು ಮಾತ್ರ. ಆಗಲೂ ಆಳೆತ್ತರದ ಜೋಳವು ದೃಷ್ಟಿಗೆ ಅಡ್ಡ ನಿಲ್ಲುತ್ತಿತ್ತು.

1827ರಲ್ಲಿ ಆರಂಭವಾದ ಭಾರತದ ಅಟ್ಲಾಸಿನಲ್ಲಿ ನಾಲ್ಕು ಮೈಲಿಗಳು ಒಂದಂಗುಲಕ್ಕೆ ಇಳಿದವು. ಬೆಟ್ಟದ ಇಳಿಜಾರುಗಳನ್ನು ಅಲ್ಲಿ ಸೂಕ್ಷ್ಮವಾದ ಗೀರುಗಳ ದಟ್ಟಣೆಯಿಂದ ತೋರಿಸುತ್ತಿದ್ದರು. ಆ ಪದ್ಧತಿಯಲ್ಲಿ ಬಯಲಿಗೆ ಏನೂ ಉಳಿಯುವುದಿಲ್ಲ. ಊರ ಹೆಸರುಗಳು, ಹಳ್ಳದ ಗೆರೆ, ಉಳಿದುದೆಲ್ಲವೂ ಬಿಳಿಯ ಕಾಗದ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ಭಾರತದ ಭೂಮಾಪನವನ್ನು ಕುರಿತ 1904–05ರ ಸಮಿತಿಯ ಶಿಫಾರಸಿನ ತರುವಾಯ, ಮೈಲಿಗೊಂದಂಗುಲದ ಬಣ್ಣದ ನಕಾಶೆಗಳು ಸಿದ್ಧವಾಗತೊಡಗಿದಾಗ ಗೀರುಗಳ ಸ್ಥಾನಕ್ಕೆ ಸಮೋನ್ನತಿ ರೇಖೆಗಳು ಬಂದವು. ಸ್ವಾತಂತ್ರ್ಯಾನಂತರ ಮೆಟ್ರಿಕ್ ಪದ್ಧತಿ ಬಂದು, 50,000ಕ್ಕೆ ಒಂದರ ಪ್ರಮಾಣದ ಹಾಳೆಗಳಲ್ಲಿ ಈ ರೇಖೆಗಳ ನಡುವಣ ಅಂತರ ಸಾಮಾನ್ಯವಾಗಿ 20 ಮೀಟರಿಗೆ ನಿಂತಿತು. ಹುಬ್ಬಳ್ಳಿಯಿಂದ ನವಲಗುಂದಕ್ಕೆ ಸುಮಾರು 35 ಕಿಲೋಮೀಟರುಗಳ ದಾರಿಯಲ್ಲಿ ನೆಲವು ಇಳಿಯುವುದು 100 ಮೀಟರಿಗೂ ಕಡಿಮೆ. ಎಂದರೆ ಅಷ್ಟು ದೀರ್ಘವಾದ ದಾರಿಯು ದಾಟುವ ಪ್ರಧಾನ ರೇಖೆಗಳು ನಾಲ್ಕೋ ಐದೋ! ಒಂದು ರೇಖೆಗೂ ಮುಂದಿನ ರೇಖೆಗೂ ನಡುವೆ ಹಲವು ಊರುಗಳ ಹೊಲಗಳು ಅಡಗಿಹೋಗುತ್ತವೆ.

ಭಾರತದ ಸ್ಥಲಾಕೃತಿ ನಕಾಶೆಗಳ ವಿಭಜನೆಯಲ್ಲಿ ನಮ್ಮ ಸೀಮೆಯು 48ನೆಯ ಹಾಳೆಗೆ ಸೇರಿದ್ದು. 75ನೆಯ ರೇಖಾಂಶದ ಪಶ್ಚಿಮದ ಕಲಘಟಗಿಯು 48 ಐ ಭಾಗದ 16ನೆಯ ಹಾಳೆಯಲ್ಲಿದೆ; ಪೂರ್ವದ 48 ಎಂ ಭಾಗದಲ್ಲಿ ಹುಬ್ಬಳ್ಳಿ 3ರಲ್ಲಿ, ನವಲಗುಂದ 6ರಲ್ಲಿ, ಅಣ್ಣಿಗೇರಿ 7ರಲ್ಲಿ. ಕುಂದಗೋಳವಂತೂ ನಾಲ್ಕು ಹಾಳೆಗಳು ಕೂಡುವ ಮೂಲೆಯ ಬಳಿಯೇ ಬಿದ್ದಿರುವುದರಿಂದ, ಆ ತಾಲೂಕನ್ನು ಸಮಗ್ರವಾಗಿ ನೋಡಬೇಕೆನ್ನುವವನು ನಾಲ್ಕನ್ನೂ ನೆಲದ ಮೇಲೆ ಹಾಸಿ ಅಂಚುಗಳನ್ನು ಜೋಡಿಸಿಕೊಳ್ಳಬೇಕು. ಜೋಡಿಸಿ ನೋಡಿದವನಿಗೆ ಕಲಘಟಗಿಯ ಹಾಳೆಯಲ್ಲಿ ಕಂದು ರೇಖೆಗಳ ಸುಳಿಗಳೂ ಅರಣ್ಯದ ಹಸಿರೂ ತುಂಬಿರುವುದೂ, ನವಲಗುಂದದ ಹಾಳೆಯು ಬಯಲಾಗಿಯೇ ಉಳಿದಿರುವುದೂ ಒಂದೇ ನೋಟಕ್ಕೆ ತಿಳಿಯುತ್ತದೆ.

ಇದು ಒಂದು ಅಳತೆ. ಇದರಲ್ಲಿ ನೆಲದ ಆಕೃತಿಯಿದೆ, ನೆಲದ ಒಡೆಯನಿಲ್ಲ. ಇನ್ನೊಂದು ಅಳತೆಯು ಸರ್ಕಾರದ ಬೊಕ್ಕಸದ ಅಗತ್ಯದಿಂದ ಹುಟ್ಟಿತು. ಒಕ್ಕಲಿಗನ ಬಾಳಿನೊಳಗೆ ಆಳವಾಗಿ ಹೊಕ್ಕದ್ದು ಅದೇ.

ಧಾರವಾಡ ಜಿಲ್ಲೆಯು 1830ರಲ್ಲಿ ಮದ್ರಾಸಿನ ಆಡಳಿತದಿಂದ ಮುಂಬಯಿ ಇಲಾಖೆಗೆ ಬಂದಿತು. ಮುಂಬಯಿಯವರು ದಖ್ಖನದಲ್ಲಿ ನಡೆಸಿದ ಮೊದಲಿನ ಕಂದಾಯ ಮಾಪನವು ಅತಿಗಣಿತದ ಭಾರದಿಂದ ಕುಸಿದುಬಿದ್ದ ಮೇಲೆ, 1830ರ ದಶಕದ ಮಧ್ಯದಲ್ಲಿ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ತರುಣ ಅಧಿಕಾರಿಗಳು ಸರಳವಾದ ಹೊಸ ಕ್ರಮವೊಂದನ್ನು ರೂಪಿಸಿದರು. 1840ರ ದಶಕದಲ್ಲಿ ದಕ್ಷಿಣ ಮರಾಠಾ ಪ್ರಾಂತದ ಮಾಪನಕ್ಕೆ ವಿಂಗೇಟನೇ ಮುಖ್ಯಸ್ಥನಾಗಿ ಬಂದನು. 1847ರಲ್ಲಿ ಈ ಇಬ್ಬರೂ ಡೇವಿಡ್‌ಸನ್ನನೊಡಗೂಡಿ ಬರೆದ ಸಂಯುಕ್ತ ವರದಿಯು ಆ ಕ್ರಮದ ಶಾಸ್ತ್ರಗ್ರಂಥವಾಯಿತು. ಅವರು ಬಳಸಿದ ಸರಪಳಿಯ ಉದ್ದ 33 ಅಡಿ. ಅದನ್ನು ಹದಿನಾರು ಆಣೆಗಳಾಗಿ ವಿಭಾಗಿಸಿದ್ದರು. ಸರಪಳಿಯ ಉದ್ದದ ಚೌಕವೊಂದು ಗುಂಟೆ, ಎಂದರೆ 1,089 ಚದರಡಿ. ಅಂತಹ ನಲವತ್ತು ಗುಂಟೆಗಳಿಗೆ ಒಂದು ಎಕರೆ, ಲೆಕ್ಕ ಒಂದಡಿಯೂ ತಪ್ಪದೆ 43,560 ಚದರಡಿಗೆ ನಿಲ್ಲುತ್ತದೆ. ವಿಲಾಯತಿಯ ಎಕರೆಗೂ ದೇಶೀಯರ ಹದಿನಾರಾಣೆಯ ಲೆಕ್ಕಕ್ಕೂ ಏರ್ಪಟ್ಟ ಈ ಹೊಂದಾಣಿಕೆಯು ಎಷ್ಟು ಗಟ್ಟಿಯಾಗಿತ್ತೆಂದರೆ, ಇಂದಿಗೂ ನಮ್ಮ ಪಹಣಿಯಲ್ಲಿ ಎಕರೆ, ಗುಂಟೆ, ಆಣೆಗಳೇ ಇವೆ.

ಒಂದು ಜೋಡಿ ಎತ್ತು ಉಳಬಲ್ಲಷ್ಟು ನೆಲವನ್ನು ಅಂದಾಜಿಗೆ ತಂದು ಒಂದೊಂದು ಸರ್ವೆ ನಂಬರನ್ನು ಮಾಡಿದರು. ಮೂಲೆಗಳಲ್ಲಿ ಬಾಂದುಕಲ್ಲು ನಡಿಸಿದರು, ನಡುವೆ ಮಣ್ಣಿನ ಗುಪ್ಪೆಗಳನ್ನು ಹಾಕಿಸಿದರು. ಸರಪಳಿ ಎಳೆದವರು ಊರಿನವರು. ಮುಂದೆ ನಡೆದು ಎಲ್ಲೆ ತೋರಿಸಿದವರು ಗೌಡ, ಕುಲಕರ್ಣಿ, ತಳವಾರ, ವಾಲೀಕಾರರು. ಈ ಹೊಲ ಇಂತಹವರದೆಂದು ಸಾಕ್ಷಿ ಹೇಳಿದವರು ಅಕ್ಕಪಕ್ಕದ ಒಕ್ಕಲುಗಳು. ಮಾಪಕನ ಟಿಪ್ಪಣಿಯಲ್ಲಿ ಅಡ್ಡಗೆರೆ ಉದ್ದಗೆರೆಗಳು ಉಳಿದವು, ತೋರಿಸಿದವರ ಹೆಸರುಗಳು ಉಳಿಯಲಿಲ್ಲ. ತಲೆಮಾರುಗಳಿಂದ ಮನಸ್ಸಿನಲ್ಲಿದ್ದ ಸೀಮೆಯನ್ನು ನಾಲ್ಕು ದಿನಗಳಲ್ಲಿ ಪರರ ಕಾಗದಕ್ಕೆ ಒಪ್ಪಿಸಿದ ಆ ಅನಾಮಧೇಯರನ್ನು ಗ್ರಾಮನಕಾಶೆಗಳ ನಿಜವಾದ ಕರ್ತೃಗಳೆಂದು ನಾನು ಎಣಿಸುತ್ತೇನೆ. ಮೈಲಿಗೆ ಎಂಟಂಗುಲದ, ಎಂದರೆ 7,920ಕ್ಕೆ ಒಂದರ ಪ್ರಮಾಣದ ಆ ನಕಾಶೆಗಳಲ್ಲಿ ಒಂದೊಂದು ಹೊಲವೂ, ಬಂಡಿದಾರಿಯೂ, ಹಳ್ಳದ ಕೊರಕಲೂ ಕಾಣುತ್ತದೆ.

ಅಳತೆಯ ಹಿಂದೆಯೇ ಪ್ರತಿಬಂದಿಯ ಕೆಲಸ. ಮಣ್ಣಿನ ಗುಣವನ್ನು ನಿರ್ಣಯಿಸುವವನು ಹೊಲವನ್ನು ಚೌಕಗಳಾಗಿ ವಿಭಾಗಿಸಿ, ಅಲ್ಲಲ್ಲಿ ಅಗೆದು ಆಳವನ್ನು ನೋಡುತ್ತಿದ್ದನು. ಒಂದೂಮುಕ್ಕಾಲು ಮೊಳದಷ್ಟು ಆಳವಾದ, ಏಕರೂಪವಾದ ಕರಿಮಣ್ಣಿಗೆ ಪೂರ್ಣ 16 ಆಣೆ. ಆಳ ಕಡಿಮೆಯಾದಂತೆ ಆಣೆಗಳೂ ಇಳಿಯುತ್ತವೆ. ಕಾಲು ಮೊಳದ ಕರಿಮಣ್ಣಿಗೆ ನಾಲ್ಕೂವರೆ ಆಣೆ. ಒಂಬತ್ತನೆಯ, ಅತ್ಯಂತ ಕನಿಷ್ಠ ದರ್ಜೆಗೆ 2 ಆಣೆ. ಇದಲ್ಲದೆ ಸುಣ್ಣದ ಹರಳು, ಮರಳು, ಇಳಿಜಾರು, ಜಿಗುಟಿಲ್ಲದಿರುವುದು, ನೀರು ಇಂಗದಿರುವುದು, ಹರಿವ ನೀರಿಗೆ ಕೊಚ್ಚಿಹೋಗುವುದು, ಮೇಲೆ ನೀರು ನಿಲ್ಲುವುದು ಎಂಬ ದೋಷಗಳಿಗೆ ಒಂದೊಂದು ಚಿಹ್ನೆಯಿತ್ತು. ದೋಷವೊಂದಕ್ಕೆ ಒಂದು ದರ್ಜೆ ಇಳಿತ. ಎರೆಭೂಮಿಯ ಮಟ್ಟಿಗೆ ಇದಕ್ಕಿಂತ ವಿವೇಕಯುತವಾದ ಮಣ್ಣಿನ ಪರೀಕ್ಷೆಯನ್ನು ಆ ಕಾಲದಲ್ಲಿ ಬೇರೆ ಯಾರೂ ಮಾಡಿರಲಾರರು ಎಂದು ತೋರುತ್ತದೆ. ಆದರೆ ಇಲ್ಲಿಯೇ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಳಿಜಾರು, ನಿಂತ ನೀರು, ಹರಿವ ನೀರು, ಈ ಮೂರನ್ನೂ ಮಾಪಕನು ಕಂಡಿದ್ದನು. ಕಂಡು ಅವನ್ನು ಕಂದಾಯದ ಆಣೆಗಳಾಗಿ ಪರಿವರ್ತಿಸಿದನು. ನೆಲವು ಯಾವ ದಿಕ್ಕಿಗೆ ಬಾಗಿದೆ, ಎಷ್ಟು ಬಾಗಿದೆ, ಈ ಹೊಲದ ನೀರು ಯಾವ ಹೊಲಕ್ಕೆ ಇಳಿಯುತ್ತದೆ ಎಂಬುದನ್ನು ಬರೆದಿಡಲು ಅವನ ಪುಸ್ತಕದಲ್ಲಿ ಅಂಕಣವಿರಲಿಲ್ಲ.

ಜಮಾಬಂದಿಯು ಮೂವತ್ತು ವರ್ಷಗಳಿಗೆ ಸ್ಥಿರವಾಯಿತು. ಅವಧಿ ಮುಗಿದ 1870ರ ದಶಕದಲ್ಲಿ ಆಂಡರ್ಸನ್ನನ ಮೇಲ್ವಿಚಾರಣೆಯಲ್ಲಿ ಮರುಮಾಪನ ನಡೆಯಿತು. ಅದೇ ದಶಕದಲ್ಲಿ, 1876ರಿಂದ 1878ರ ವರೆಗೆ, ಮಹಾಕ್ಷಾಮವು ಈ ಬಯಲನ್ನು ಬರಿದು ಮಾಡಿತು. ಹೊಲದ ಅಳತೆಯ ಬೆನ್ನಿಗೇ ಇನಾಮುಗಳ ವಿಚಾರಣೆಯೂ ನಡೆದು, 1852ರ ಇನಾಮು ಕಾಯಿದೆಯಿಂದ ಅನೇಕ ಮನೆತನಗಳು ಭೂಮಿಯನ್ನು ಕಳೆದುಕೊಂಡವು. ನವಲಗುಂದದ ನೆರೆಯ ನರಗುಂದದಲ್ಲಿ 1858ರಲ್ಲಿ ಬಾಬಾಸಾಹೇಬನು ಎತ್ತಿದ ಬಂಡಾಯಕ್ಕೆ ದತ್ತಕದ ನಿರಾಕರಣೆಯೊಡನೆ ಈ ಅಸಂತೋಷವೂ ಇಂಧನವಾಯಿತು.

ಬಾಂದುಕಲ್ಲುಗಳ ಮಾತನ್ನೂ ಇಲ್ಲಿ ಹೇಳಿಬಿಡಬೇಕು. ಎರೆಮಣ್ಣು ನಿಶ್ಚಲವಾದ ನೆಲವಲ್ಲ. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ, ಬಿರುಕಿನಲ್ಲಿ ಕೈ ಇಟ್ಟರೆ ಮೊಣಕೈಯವರೆಗೆ ಇಳಿಯುತ್ತದೆ. ಅಂತಹ ನೆಲದಲ್ಲಿ ನಟ್ಟ ಕಲ್ಲು ವರ್ಷವರ್ಷಕ್ಕೆ ವಾಲುತ್ತದೆ, ಹೂತುಹೋಗುತ್ತದೆ, ನೇಗಿಲಿಗೆ ಸಿಕ್ಕು ಮೇಲೇಳುತ್ತದೆ. ಬದುಗಳನ್ನು ಮಳೆಯು ತೊಳೆದೊಯ್ಯುತ್ತದೆ. ಕಲಘಟಗಿಯ ಕೆಂಪು ನೆಲದಲ್ಲಿ ಅಲುಗದೆ ನಿಲ್ಲಬಹುದಾದ ಕಲ್ಲು ನವಲಗುಂದದ ಎರೆಯಲ್ಲಿ ತನ್ನ ಸಾಕ್ಷ್ಯವನ್ನು ಕಳೆದುಕೊಳ್ಳುತ್ತದೆ. ಅಣ್ಣತಮ್ಮಂದಿರು ಒಂದು ಸಾಲಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಎಷ್ಟೋ ವ್ಯಾಜ್ಯಗಳ ಬುಡದಲ್ಲಿ ಮನುಷ್ಯರ ಲೋಭದಷ್ಟೇ ಈ ಮಣ್ಣಿನ ಚಾಂಚಲ್ಯವೂ ಇದೆ.

ಕುಂದಗೋಳದ ಅವಸ್ಥೆ ಪ್ರತ್ಯೇಕವಾದದ್ದು. ಸುತ್ತಲೂ ಮುಂಬಯಿ ಸರ್ಕಾರದ ಧಾರವಾಡ ಜಿಲ್ಲೆ. ಕುಂದಗೋಳ ಮಾತ್ರ ದೂರದ ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ಶಿರಹಟ್ಟಿ ಸಾಂಗ್ಲಿಯವರದು, ಲಕ್ಷ್ಮೇಶ್ವರ ಮಿರಜದವರದು, ಸವಣೂರು ನವಾಬರದು. ಒಂದೇ ಹಳ್ಳದ ನೀರು ಒಂದು ಸರ್ಕಾರದಲ್ಲಿ ಹುಟ್ಟಿ ಇನ್ನೊಂದರ ಎಲ್ಲೆಯನ್ನು ಹಾಯ್ದು ಮತ್ತೆ ಮೊದಲಿನದಕ್ಕೆ ಬರುತ್ತಿದ್ದ ಆ ಕಾಲದಲ್ಲಿ ಜಿಲ್ಲೆಯ ನಕಾಶೆಯು ಬೇರೆಬೇರೆ ಬಣ್ಣಗಳ ಕೌದಿಯಂತಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾಗಿ, 1956ರಲ್ಲಿ ಕನ್ನಡನಾಡು ಒಂದಾದ ಮೇಲೆ ಈ ಬಣ್ಣಗಳು ಅಳಿಸಿಹೋದವು.

ನೆಲದ ಎತ್ತರವನ್ನು ನಿಖರವಾಗಿ ತಿಳಿಯುವ ಅಗತ್ಯವು ಈ ಸೀಮೆಗೆ ಬಂದದ್ದು ಹತ್ತಿಯಿಂದ. 1861ರಿಂದ 1865ರ ವರೆಗೆ ಅಮೆರಿಕದ ಅಂತರ್ಯುದ್ಧವು ಲಂಕಾಶೈರಿನ ಗಿರಣಿಗಳನ್ನು ಬರಿದುಮಾಡಿದಾಗ, ನವಲಗುಂದದ ಎರೆಯ ಹತ್ತಿಯು ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗನ್ನೇರಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಹುಬ್ಬಳ್ಳಿಯಿಂದ ಅಣ್ಣಿಗೇರಿಯ ಮೇಲೆ ಗದಗಿಗೆ ಹಳಿಯನ್ನು ಹಾಕಿತು. ರೈಲುಹಾದಿಗೆ ಏರಿಳಿತವು ಅಂಗುಲಗಳಲ್ಲಿ ತಿಳಿದಿರಬೇಕು. ನಿಲ್ದಾಣದ ಹಲಗೆಯ ಮೇಲೆ ಊರ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎತ್ತರವನ್ನು ಬರೆಯುವ ಪದ್ಧತಿಯು ಆ ಅಗತ್ಯದ ಗುರುತು. ಆ ಸಮುದ್ರಮಟ್ಟದ ಆಧಾರವೂ ನಮಗೆ ದೂರದ್ದಲ್ಲ: 1858ರಲ್ಲಿ ಆರಂಭವಾಗಿ 1909ರಲ್ಲಿ ಹೊಂದಿಸಲ್ಪಟ್ಟ ಭಾರತದ ಮೊದಲನೆಯ ಮಟ್ಟಜಾಲಕ್ಕೆ ಆಧಾರವಾಗಿದ್ದ ಒಂಬತ್ತು ಉಬ್ಬರವಿಳಿತದ ನೆಲೆಗಳಲ್ಲಿ ನಮ್ಮ ಕಾರವಾರವೂ ಒಂದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟನು 1876ರಲ್ಲಿ ದಕ್ಷಿಣ ಮರಾಠಾ ಪ್ರಾಂತದ ಶಿಲಾರಚನೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿ, ಮುಂದೆ ಇಲ್ಲಿಯ ಪ್ರಾಚೀನ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟದ್ದು ಈ ನಕಾಶೆಗಳು ಕಂಡ ಇನ್ನೊಂದು ಫಲ.

ಹೀಗೆ ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ನವಲಗುಂದದ ಬಯಲು ಎರಡು ಸಲ ಅಳೆಯಲ್ಪಟ್ಟಿತ್ತು. ಹೊಲದ ನಕಾಶೆಯು ಭೂಮಾಪನ ಕಚೇರಿಯಲ್ಲಿ, ಎತ್ತರದ ನಕಾಶೆಯು ದೆಹರಾದೂನಿನಲ್ಲಿ. ಮೊದಲನೆಯದರಲ್ಲಿ ಗುಂಟೆಯವರೆಗೂ ಲೆಕ್ಕವಿದೆ, ಎತ್ತರವಿಲ್ಲ. ಎರಡನೆಯದರಲ್ಲಿ ಎತ್ತರವಿದೆ, ಆದರೆ 20 ಮೀಟರಿಗೊಂದು ಗೆರೆ, ಹೊಲವಿಲ್ಲ. ಬೇರೆ ಕಡೆ ಇದರಿಂದ ಹಾನಿಯಾಗದೆಯೂ ಇರಬಹುದು. ಕಲಘಟಗಿಯಲ್ಲಿ ನೀರು ಎತ್ತ ಹರಿಯುವುದೆಂದು ಕಣ್ಣೇ ಹೇಳುತ್ತದೆ. 1955ರಲ್ಲಿ ಬೇಡ್ತಿಗೆ ಅಡ್ಡಲಾಗಿ ನೀರಸಾಗರವನ್ನು ಕಟ್ಟುವಾಗ ಕಣಿವೆಯು ತಾನಾಗಿ ತಾಣವನ್ನು ತೋರಿಸಿಕೊಟ್ಟಿತ್ತು. ಎರೆಬಯಲಿನಲ್ಲಿ ಒಂದು ಅಡಿಯ ಏರು ನೀರನ್ನು ತಡೆಯುತ್ತದೆ, ಅರ್ಧ ಅಡಿಯ ತಗ್ಗು ಅದನ್ನು ತಿಂಗಳುಗಟ್ಟಲೆ ನಿಲ್ಲಿಸುತ್ತದೆ.

ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಜಲಾಶಯದ ಬಲದಂಡೆಯ ಕಾಲುವೆಯು 1970ರ ದಶಕದಲ್ಲಿ ಈ ಬಯಲಿಗೆ ಇಳಿದಾಗ ಆ ತೆರಪು ಬಾಯಿತೆರೆಯಿತು. ಕಾಲುವೆಯು ಎತ್ತರದ ರೇಖೆಯನ್ನು ಅನುಸರಿಸಿ ಹರಿಯಿತು. ಅಚ್ಚುಕಟ್ಟಿನ ಪಟ್ಟಿಯನ್ನು ಸರ್ವೆ ನಂಬರುಗಳನ್ನು ಅನುಸರಿಸಿ ಬರೆಯಲಾಯಿತು. ಪಟ್ಟಿಯಲ್ಲಿದ್ದ ಹೊಲಕ್ಕೆಲ್ಲ ಅಭಿವೃದ್ಧಿ ಕರ ಬಿದ್ದಿತು. ಪಟ್ಟಿಯಲ್ಲಿದ್ದ ಹೊಲಕ್ಕೆಲ್ಲ ನೀರು ಏರಲಿಲ್ಲ. ಏರಿದಲ್ಲಿ ಎರೆಮಣ್ಣು ಜವುಗಾಗಿ ಸವುಳು ಎದ್ದ ಹೊಲಗಳೂ ಉಂಟಾದವು. ನೀರು ಮುಟ್ಟದ ಹೊಲಕ್ಕೆ ಕರವೇಕೆಂದು ಕೇಳಿದ ರೈತರ ಚಳವಳಿಯು 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದಗಳಲ್ಲಿ ಗೋಲಿಬಾರಿನಲ್ಲಿ ಕೊನೆಗೊಂಡು, ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ಕರ್ನಾಟಕದ ರೈತಸಂಘವು ರೂಪುಗೊಂಡದ್ದು ಅದರ ಬೆನ್ನಿಗೇ. ಆ ದುರಂತಕ್ಕೆ ರಾಜಕೀಯದ ಕಾರಣಗಳು ಹಲವಿದ್ದವು, ಬೆಲೆಯ ಕುಸಿತವಿತ್ತು, ಅಧಿಕಾರದ ಕಿವುಡುತನವಿತ್ತು. ಆದರೂ ಒಂದೇ ನೆಲದ ಎರಡು ನಕಾಶೆಗಳನ್ನು ಒಂದರ ಮೇಲೊಂದಿಟ್ಟು ನೋಡದೆ ಕರದ ಪಟ್ಟಿ ಬರೆದದ್ದನ್ನು ಆ ಕಾರಣಗಳ ಸಾಲಿನಿಂದ ಬಿಡಲಾಗದು. ಮಹದಾಯಿಯ ನೀರನ್ನು ಪಶ್ಚಿಮದ ಇಳಿಜಾರಿನಿಂದ ಮಲಪ್ರಭೆಗೆ ತಿರುಗಿಸಬೇಕೆಂದು ನವಲಗುಂದದವರು ಇಂದು ಹಿಡಿದಿರುವ ಹಟವೂ ಮತ್ತೆ ಅದೇ ಜಲವಿಭಾಜಕದ ಪ್ರಶ್ನೆಯೇ.

2005ರ ರಾಷ್ಟ್ರೀಯ ನಕಾಶೆ ನೀತಿಯಿಂದಲೂ 2021ರ ಮಾರ್ಗಸೂಚಿಗಳಿಂದಲೂ ಹಿಂದೆ ಬೀಗದ ಕೈಯೊಳಗಿದ್ದ ಸ್ಥಲಾಕೃತಿಯ ಹಾಳೆಗಳು ಸಾಮಾನ್ಯರ ಕೈಗೂ ಸಿಕ್ಕುವಂತಾಗಿವೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನುಗಳು ಗ್ರಾಮಠಾಣಗಳ ಮೇಲೆ ಹಾರಿ ಮನೆಮನೆಯ ಎಲ್ಲೆಯನ್ನು ಚಿತ್ರಿಸುತ್ತಿವೆ. ಇದೂ ಒಡೆತನದ ಅಳತೆಯೇ. ಆದರೆ ಅಂತಹ ಚಿತ್ರಗಳಿಂದಲೇ ನೆಲದ ಎತ್ತರವನ್ನೂ ಸೂಕ್ಷ್ಮವಾಗಿ ಗಣಿಸಬಹುದೆಂಬುದನ್ನು ಮಾಪನಶಾಸ್ತ್ರವು ಈಗ ಬಲ್ಲದು. ಬೆಣ್ಣಿಹಳ್ಳವು ಮಳೆಗಾಲದಲ್ಲಿ ದಂಡೆ ಮೀರಿ, ಯಮನೂರಿನಂತಹ ಊರುಗಳ ಸುತ್ತಣ ಹೊಲಗಳಿಗೆ ನುಗ್ಗಿ, ಬೆಳೆದ ಹೆಸರು, ಹತ್ತಿ, ಉಳ್ಳಾಗಡ್ಡಿಗಳನ್ನು ಕೊಳೆಯಿಸುವುದು ಈ ಸೀಮೆಗೆ ಅಪರಿಚಿತವಾದ ಸಂಗತಿಯಲ್ಲ. ಡ್ರೋನುಗಳ ಹಾರಾಟವು ಗ್ರಾಮಠಾಣದ ಅಂಚಿಗೆ ನಿಲ್ಲದೆ ಹಳ್ಳದ ಎರಡೂ ದಂಡೆಗಳ ಹೊಲಗಳಿಗೆ ವಿಸ್ತರಿಸಬೇಕು. 7,920ಕ್ಕೆ ಒಂದರ ಹಳೆಯ ಗ್ರಾಮನಕಾಶೆಗಳ ಮೇಲೆ 20 ಮೀಟರಿಗಲ್ಲದೆ ಅರ್ಧ ಮೀಟರಿಗೊಂದರಂತೆ ಸಮೋನ್ನತಿ ರೇಖೆಗಳನ್ನು ಎಳೆದು, ಅವುಗಳ ಪ್ರತಿಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ತೂಗುಹಾಕಬೇಕು. ಕೆಲಸವು ಕುಂದಗೋಳದ ಮೇಲ್ಹರಿವಿನಿಂದ ಆರಂಭವಾಗಿ, ನವಲಗುಂದವನ್ನು ಹಾಯ್ದು, ಹಳ್ಳವು ಮಲಪ್ರಭೆಯನ್ನು ಕೂಡುವ ಸ್ಥಳದವರೆಗೆ ಊರೂರಿಗೆ ನಡೆಯಬೇಕು.